ಕೈ ಹಾಕಿದವರ ಪಾಲು

ಬಿ.ಎ. ಎರಡನೇ ವರ್ಷ ಮುಗಿದ ಬೇಸಿಗೆಯಲ್ಲಿ ನಾನು ಅಂಕೋಲೆಯ ಬೆಳಂಬಾರದಲ್ಲಿ ನಡೆದ ಮಕ್ಕಳ ಶಿಬಿರಕ್ಕೆ ಇಂಟರ್ನ್‌ಶಿಪ್ ಎಂದು ಹೋದೆ. ಆ ಶಬ್ದ ಆಗ ನಮ್ಮ ಕಡೆಗೆ ಹೊಸದು. ಅಮ್ಮ ನೆರೆಮನೆಯವರಿಗೆಲ್ಲ, "ನಮ್ಮ ಹುಡ್ಗಿ ಪೇಟೆ ಮಕ್ಕಳ ಕಾಯೂಕೆ ಹೋತದೆ" ಎಂದು ಹೇಳಿ ಮುಗಿಸಿದಳು. ಹಾಗೆ ನೋಡಿದರೆ ಅವಳು ಹೇಳಿದ್ದೇ ಸರಿ.

ಹುಬ್ಬಳ್ಳಿ, ಬೆಂಗಳೂರಿನಿಂದ ಬಂದ ಮಕ್ಕಳು ಗಾಳಿಮರಗಳ ಕೆಳಗೆ ಡೇರೆ ಹಾಕಿಕೊಂಡಿದ್ದರು. ನಾವು ಕಾಲೇಜಿನವರು ಅವರನ್ನು ಎಬ್ಬಿಸಬೇಕು, ಬಂಡೆ ಹತ್ತಿಸಬೇಕು, ನೀರಿಗಿಳಿಸಬೇಕು, ಇಳಿದಷ್ಟೂ ಜನ ಮೇಲೆ ಬಂದರೇ ಎಂದು ನೋಡಬೇಕು. ಮೊದಲು ನಮಗೇ ತರಬೇತಿ. ಮೀನಿನ ಮರಿಗೆ ಈಜು ಕಲಿಸಬೇಕೇ ಎನ್ನುತ್ತಾರಲ್ಲ, ನನಗೆ ಲೈಫ್ ಜಾಕೆಟ್ ತೊಡಿಸಿ, ಸೊಂಟಮಟ್ಟದ ನೀರಿನಲ್ಲಿ ನಿಲ್ಲಿಸಿ ಕಲಿಸಿದರು. ನಾನೂ ಬಾಯಿ ಮುಚ್ಚಿಕೊಂಡು ಕಲಿತೆ.

ಯಾಕೆಂದರೆ ನನಗೆ ಆ ದಂಡೆ ಬೇಕಾಗಿತ್ತು. ನಾವು ಕಾರವಾರದ ಹತ್ತಿರದ ಅರ್ಗಾದ ಮೀನುಗಾರರು. ನೌಕಾನೆಲೆಗೆ ಜಾಗ ಬೇಕೆಂದು ಊರು ಬಿಡಿಸಿದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಆಮೇಲೆ ಸಿಕ್ಕಿದ ಮನೆ ಗುಡ್ಡದ ಬುಡದ ಕಾಲೊನಿಯಲ್ಲಿತ್ತು. ಗೋಡೆ ಗಟ್ಟಿ, ನಲ್ಲಿಯಲ್ಲಿ ನೀರು, ಎಲ್ಲ ಇತ್ತು. ಸಮುದ್ರ ಮಾತ್ರ ಕಿವಿಗೂ ಬೀಳುತ್ತಿರಲಿಲ್ಲ. ಅಪ್ಪ ಕಾರವಾರದ ಒಂದು ಲಾಡ್ಜಿಗೆ ವಾಚ್‌ಮನ್ ಆಗಿ ಸೇರಿದ. ಬೇರೆ ಊರಿನ ದಂಡೆಗೆ ಹೋಗಿ ಬಲೆ ಬಿಡುವ ಪದ್ಧತಿ ನಮ್ಮವರಲ್ಲಿಲ್ಲ. ಒಂದೊಂದು ದಂಡೆಗೆ ಅದರದೇ ಜನ, ಅದರದೇ ಬಲೆ. ಅವನು ಸಮುದ್ರದ ಮಾತು ಆಡುವುದನ್ನೇ ಬಿಟ್ಟ. ಬಸ್ಸಿನಲ್ಲಿ ಕೂಡ ಗುಡ್ಡದ ಬದಿಯ ಸೀಟು ನೋಡಿ ಕೂರುತ್ತಿದ್ದ. ಅವನು ಒಮ್ಮೆ, ಒಂದೇ ಒಂದು ಸಲ, ಮತ್ತೆ ಬಲೆಯ ಹಗ್ಗ ಹಿಡಿಯುವುದನ್ನು ನೋಡಬೇಕೆಂದು ನನ್ನ ಜೀವ ಹಂಬಲಿಸುತ್ತಿತ್ತು. ಸರ್ಟಿಫಿಕೇಟು ಒಂದು ನೆಪ. ಶಿಬಿರದ ಕೊನೆಯ ದಿನ ಮನೆಯವರನ್ನು ಕರೆಯಬಹುದು ಎಂದು ಗೊತ್ತಾದ ಮೇಲೇ ನಾನು ಅರ್ಜಿ ಹಾಕಿದ್ದು.

ಅಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಬಂದವನು ಪ್ಲಾಸ್ಟಿಕ್ ಕುರ್ಚಿಯನ್ನು ತಿರುಗಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಕೂತುಬಿಟ್ಟ. ನನಗೆ ಅಳುವೇ ಬಂತು, ಸಿಟ್ಟೂ ಬಂತು. ಆ ಮನುಷ್ಯನ ಹಟಕ್ಕೆ ಮದ್ದಿಲ್ಲ.

ಆ ಬೆಳಿಗ್ಗೆ ಬೆಳಂಬಾರದವರು ಶಿಬಿರದ ಪಕ್ಕದಲ್ಲೇ ರಂಪಣಿ ಬಿಟ್ಟಿದ್ದರು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಬಲೆಯನ್ನು ದೊಡ್ಡದಾಗಿ ಬಳಸಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಎಳೆಯುವುದು. ಎಳೆಯಲು ಎಷ್ಟು ಜನ ಇದ್ದರೂ ಸಾಲದು. "ಬನ್ನಿ ಮಕ್ಕಳೇ, ಕೈ ಹಾಕಿ" ಎಂದು ಅವರ ತಾಂಡೇಲ, ಬಲೆಯ ಮುಂದಾಳು, ಕರೆದದ್ದೇ ತಡ, ನಮ್ಮ ಶಿಬಿರವಿಡೀ ಹಗ್ಗಕ್ಕೆ ಜೋತುಬಿತ್ತು. ಸಮಾರೋಪದ ಭಾಷಣ ಹಿಡಿದು ನಿಂತ ಶಿಬಿರದ ಸರ್ ಕೇಳುವವರಿಲ್ಲದೆ ಸೀಟಿ ಊದಿದರು.

ತಾಂಡೇಲನ ಕಣ್ಣು ಕುರ್ಚಿಯ ಮೇಲಿದ್ದ ಅಪ್ಪನ ಕಡೆ ಹೋಯಿತು. "ಅಲ್ಲಿ ಕೂತ್ಕಂಡು ಎಂತ ಮಾಡ್ತೆ ಅಣ್ಣಾ? ಬಾ, ನೀನೂ ಒಂದು ಕೈ ಹಾಕು."

ಹಗ್ಗ ಹಿಡಿ ಎಂದು ಕರೆದಾಗ ಹೋಗದಿರುವುದು ಅಪ್ಪನಿಂದ ಆಗದ ಕೆಲಸ. ಎದ್ದ. ಪ್ಯಾಂಟು ಮಡಚಿದ. ಮಕ್ಕಳನ್ನು ಸರಿಸಿ ಹಗ್ಗವನ್ನು ಸೊಂಟಕ್ಕೆ ತಾಗಿಸಿ ಹಿಂದಕ್ಕೆ ವಾಲಿದ. ಅವನ ಹಿಮ್ಮಡಿ ಮರಳಿನಲ್ಲಿ ಹೂತದ್ದು ನೋಡಿ ನನಗೆ ಊರೇ ತಿರುಗಿ ಬಂದಷ್ಟು ಸಂತೋಷವಾಯಿತು. ನಾನೂ ಅವನ ಹಿಂದೆ ನಿಂತು ಎಳೆದೆ. ಎಷ್ಟು ಎಳೆದೆನೋ, ನಗುತ್ತಲೇ ಎಳೆದೆ.

ಬಲೆ ಮೇಲೆ ಬಂತು. ಬಂಗಡೆ, ತಾರ್ಲೆ, ಒಂದಿಷ್ಟು ಏಡಿ. ಬಲೆಯ ಪಾಲು, ದೋಣಿಯ ಪಾಲು, ಊರವರ ಪಾಲು ಎಂದು ತಾಂಡೇಲ ಮರಳಿನ ಮೇಲೆ ರಾಶಿ ಮಾಡುತ್ತ ಹೋದ. ಕೊನೆಗೆ, ಹೊರಗಿನಿಂದ ಬಂದು ಹಗ್ಗ ಹಿಡಿದವರಿಗೆ. ದಾರಿಹೋಕನಾದರೂ ಸರಿ, ಕೈ ಹಾಕಿದವನನ್ನು ಬರಿಗೈಯಲ್ಲಿ ಕಳಿಸಬಾರದು. ಸರ್ ಓಡಿ ಬಂದು, ನಮ್ಮದು ಸಸ್ಯಾಹಾರಿ ಶಿಬಿರ, ಬೇಡ ಎಂದರು.

"ತಿನ್ನೂದು ಬಿಡೂದು ನಿಮ್ಗೆ ಸೇರಿದ್ದು" ಎಂದ ತಾಂಡೇಲ. "ಕೈ ಹಾಕ್ದ ಮೇಲೆ ಪಾಲು ಕೊಡ್ದೇ ಇರೂಕೆ ಆಗೂದಿಲ್ಲ."

ಮಕ್ಕಳು ಸಾಲಾಗಿ ನಿಂತು ಎರಡೆರಡು ಮೀನು ಇಸಿದುಕೊಂಡರು. ಒಬ್ಬಳು ತನ್ನ ಪಾಲನ್ನು ನೀರಿಗೆ ಬಿಟ್ಟು ಬದುಕಿಸಲು ಓಡಿದಳು. ಆ ಸಾಲಿನ ಕೊನೆಯಲ್ಲಿ ಅಪ್ಪ ನಿಂತಿದ್ದ. ತಾಂಡೇಲ ಅವನಿಗೆ ದೊಡ್ಡದನ್ನೇ ಆರಿಸಿ ಕೊಟ್ಟ. ಪಾಪ, ಒಳ್ಳೆಯ ಮನುಷ್ಯ. ಅಪ್ಪ ಕರವಸ್ತ್ರ ಬಿಚ್ಚಿ, ಎರಡೂ ಕೈ ಚಾಚಿ ತೆಗೆದುಕೊಂಡ. ಆಗ ನನ್ನ ನಗು ನಿಂತಿತು. ಅರ್ಗಾದಲ್ಲಿ ತಾಂಡೇಲನಾಗಿದ್ದವನು ಅಪ್ಪನೇ. ಹೀಗೆ ರಾಶಿ ಮಾಡಿ, ಎಲ್ಲಿಂದಲೋ ಬಂದವರನ್ನು ಕೂಗಿ ಕರೆದು ಕೊಡುತ್ತಿದ್ದವನು.

ಸಂಜೆ ಕಾರವಾರದ ಬಸ್ಸಿನಲ್ಲಿ ಮೀನಿನ ಗಂಟು ಅವನ ತೊಡೆಯ ಮೇಲಿತ್ತು. ನಾನು ಸುಮ್ಮನಿರಲಾರದೆ ಹೇಳಿದೆ: "ಮುಂದಿನ ವರ್ಷವೂ ಬರೂಕೆ ಹೇಳಿದ್ರಪ್ಪ ಬೆಳಂಬಾರದವ್ರು."

"ಬರೂದಿಲ್ಲ ಮಗಾ" ಎಂದ. ಸಿಟ್ಟಿರಲಿಲ್ಲ. "ಒಳ್ಳೇ ಜನ. ಆದ್ರೆ ಅಲ್ಲಿ ನಾನು ಕೈ ಹಾಕ್ದವ."

ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಕೇಳಿದ: "ನಾ ಪಾಲು ಕೊಡುವಾಗ ಹೊರಗಿಂದ ಬಂದವ್ರಿಗೂ ಹೀಂಗೇ ಆಗ್ತಿತ್ತೇನೆ?"

ಅವನಿಗೆ ಸಮುದ್ರ ಬೇಕು ಎಂದುಕೊಂಡು ನಾನು ಒಂದು ಬೇಸಿಗೆಯಿಡೀ ಕಾದಿದ್ದೆ. ಅವನಿಗೆ ಬೇಕಾಗಿದ್ದುದು ನಿಂತು ಹಂಚಲು ತನ್ನದೊಂದು ದಂಡೆ. ಅದನ್ನು ನಾನು ಎಲ್ಲಿಂದ ತರಲಿ?