ಇಲ್ಕಾಳ ಬೆಳಗಿನ ಸ್ತುತಿ
ಬಂಧುಗಳೇ, ಚಿತ್ತವಿಟ್ಟು ಕೇಳಿ. ಬುಡಾಪೆಸ್ಟಿನ ನಮ್ಮ ಯೆಹೂದಿ ಪ್ರಾರ್ಥನಾಮಂದಿರಕ್ಕೆ ದಿನವೂ ಮೊದಲು ಬರುವವಳು ಇಲ್ಕಾ. ಗಂಡಾಗಿ ಬೆಳೆದು, ಐವತ್ತರಲ್ಲಿ ಹೆಣ್ಣಾಗಿ ಬಾಳತೊಡಗಿದವಳು. ಬೆಳಗಿನ ಪ್ರಾರ್ಥನೆಯಲ್ಲಿ ಹೆಂಗಸರ ಪಾಲಿಗಿರುವ 'ತನ್ನ ಇಚ್ಛೆಯಂತೆ ನನ್ನನ್ನು ರಚಿಸಿದವನಿಗೆ ಸ್ತುತಿ' ಎಂಬ ಸಾಲನ್ನು ಅವಳು ದನಿಯೆತ್ತಿ ಹೇಳಿದರೆ ಕಿಟಕಿಯ ಪಾರಿವಾಳಗಳು ಹಾರಿ ಡ್ಯಾನ್ಯೂಬ್ ನದಿಯನ್ನೇ ದಾಟುತ್ತವೆ. "ದೇವರೇನು ಕಿವುಡನಾ, ಇಲ್ಕಾ?" ಎಂದು ಮುದುಕ ಲಿಪೋತ್ ಒಮ್ಮೆ ಕೆಣಕಿದ. "ಅವನಿಗಲ್ಲ ಲಿಪೋತಣ್ಣ, ನನ್ನ ಕಿವಿಗೆ ಬೀಳ್ಬೇಕು. ನಲವತ್ತು ವರ್ಷ ಗಂಡಸರ ಸಾಲು ಹೇಳ್ದೆ, 'ನನ್ನನ್ನ ಹೆಣ್ಣು ಮಾಡದವನಿಗೆ ಸ್ತುತಿ' ಅಂತ. ಹೇಳಿದ ಮೇಲೆ ಬದುಕೋದೇ ಬೇಡ ಅನ್ಸೋದು. ಈಗ ಈ ಸಾಲು ಕೇಳಿಸ್ಕೊಂಡು ಹೊರಟ್ರೆ, ಬೀದೀಲಿ ಯಾರು ಉಗಿದ್ರೂ ಸಂಜೆವರೆಗೆ ತಡ್ಕೋತೀನಿ." ಮರುದಿನ ಅವಳ ಸ್ತುತಿಗೆ ಎಲ್ಲರಿಗಿಂತ ಗಟ್ಟಿಯಾಗಿ 'ಆಮೆನ್' ಎಂದವನು ಲಿಪೋತ್. ಇಂಥವರು ನಿಮ್ಮ ಬಳಿ ನಿಂತು ಪ್ರಾರ್ಥಿಸಿದಾಗ, ದಯವಿಟ್ಟು ನೀವೂ ದನಿಗೂಡಿಸಿ.