ಅಜ್ಜಿಯ ಫೋಟೋ ಮತ್ತು ಒಂದು ಖಾಲಿ ಕಾಲಂ

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಇಥಿಯೋಪಿಯಾದ ಓಮೋ ಕಣಿವೆಯಲ್ಲಿ, ನನ್ನ ತಾಯಿಯ ವಯಸ್ಸಿನ ಒಬ್ಬ ಅಜ್ಜಿಗೆ ಕೈಗಡಿಯಾರ ಬಿಚ್ಚಿಡಿ ಎಂದು ಗೈಡ್ ಮೂಲಕ ಹೇಳಿಸಿದವನು ನಾನು. ಬುಡಕಟ್ಟಿನವರೆಂದ ಮೇಲೆ ಗಂಟೆ ಎಷ್ಟೆಂದು ಅವರಿಗೆ ಗೊತ್ತಿರಬಾರದು ನೋಡಿ. ಹಿಂದೆ ಕಾಣುತ್ತಿದ್ದ ನೀಲಿ ಪ್ಲಾಸ್ಟಿಕ್ ಕೊಡವನ್ನೂ ತೆಗೆಸಿದೆ. ಅಂಥದ್ದು ಮೈಸೂರಿನ ನಮ್ಮ ಮನೆಯಲ್ಲೂ ಇತ್ತು; ಅದನ್ನು ನೋಡಲು ಅಷ್ಟು ದೂರ ಯಾರು ಹೋಗುತ್ತಾರೆ?

ನಮ್ಮ ಫೋಟೋ ಟೂರಿನಲ್ಲಿ ಅಮೆರಿಕದ ಸಿಯಾಟಲ್ ಕಡೆಯ ಎಂಟು ಜನ ಇದ್ದೆವು. ನಾನೀಗಿರುವ ಊರು ವುಡಿನ್‌ವಿಲ್‌ನಲ್ಲಿ ಪಕ್ಕದ ಮನೆಯವರ ಮುಖಕ್ಕೆ ಹೇಳದೆ ಕೇಳದೆ ಕ್ಯಾಮೆರಾ ಹಿಡಿಯಬಾರದೆಂಬ ತಿಳಿವಳಿಕೆ ನಮಗೆಲ್ಲ ಚೆನ್ನಾಗಿಯೇ ಇತ್ತು. ವಿಮಾನ ಇಳಿದ ಮೇಲೆ ಅದು ಎಲ್ಲಿ ಹೋಯಿತೋ ಕಾಣೆ.

ಅಜ್ಜಿ ಸೋರೆ ಬುರುಡೆಯಲ್ಲಿ ಕಾಫಿ ತಂದರು. ಕಾಫಿ ಹಣ್ಣಿನ ಸಿಪ್ಪೆ ಕುದಿಸಿದ್ದಂತೆ. ಮದುವೆಮನೆಯನ್ನು ಕಾಫಿಯಿಂದಲೇ ಅಳೆಯುವ, ಕಾಫಿ ಕೊಡದ ನೆಂಟರನ್ನು ಹತ್ತು ವರ್ಷ ಆಡಿಕೊಳ್ಳುವ ಮನುಷ್ಯ ನಾನು. ಆದರೆ ಸಂಜೆಯ ಬೆಳಕು ಹೋಗುತ್ತಿತ್ತು, ಬೇಡ ಎಂದುಬಿಟ್ಟೆ. ಅವರು ಗೈಡ್‌ನನ್ನು ಏನೋ ಕೇಳಿದರು, ಅವನೇನೋ ಹೇಳಿದ, ಅವರು ನಕ್ಕರು, ನಾನು ಕ್ಲಿಕ್ಕಿಸಿದೆ.

ಆ ನಗು ಹೆಸರು ಮಾಡಿತು. ಅಲ್ಲೇ ಹತ್ತಿರದ ಓವರ್‌ಲೇಕ್‌ನ ಸ್ನೇಹಿತರು ಅದರಲ್ಲಿ ಆದಿಮಾನವನ ಮುಗ್ಧತೆ ಕಂಡರು, ನಾನೂ ಬೇಡವೆನ್ನಲಿಲ್ಲ. ನಮ್ಮೂರ ಲೈಬ್ರರಿಯ ಪ್ರದರ್ಶನಕ್ಕೆ ಆಯ್ಕೆಯಾದಾಗಲಂತೂ ಕಂಡಕಂಡವರಿಗೆಲ್ಲ ಬನ್ನಿ ಎಂದು ಹೇಳಿಬಿಟ್ಟೆ. ಆಮೇಲೆ ಫಾರಂ ಬಂತು. ಲೆನ್ಸ್, ಅಪರ್ಚರ್, ಶಟರ್ ವೇಗ, ಎಲ್ಲ ಬಾಯಿಪಾಠ, ತುಂಬಿದೆ. ಕೊನೆಯ ಕಾಲಂ: ಚಿತ್ರದಲ್ಲಿರುವವರ ಹೆಸರು. ಅದಿಲ್ಲದೆ ಚಿತ್ರ ತೂಗುಹಾಕುವುದಿಲ್ಲವಂತೆ.

ಹೆಂಡತಿ ವಸುಧಾಳ ಮುಂದೆ ನನ್ನ ಪಾಂಡಿತ್ಯ ಬಿಚ್ಚಿದೆ. ಹೊಯ್ಸಳ ಶಿಲ್ಪಿಗಳು ಕಲ್ಲಿನಲ್ಲಿ ತಮ್ಮ ಹೆಸರು ಕೆತ್ತಿ ಹೋದರು, ಎದುರಿಗೆ ನಿಂತ ಹೆಣ್ಣಿನ ಹೆಸರನ್ನು ಯಾರು ಬರೆದರು ಎಂದೆ.

ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಕಲ್ಲು ಕೆತ್ತೋಕೆ ತಿಂಗಳುಗಟ್ಟಲೆ ಬೇಕು ರೀ. ಅಷ್ಟರಲ್ಲಿ ಹೆಸರಾದ್ರೂ ಕೇಳೇ ಇರ್ತಾರೆ ಬಿಡಿ."

ಬೇರೆ ದಾರಿ ಕಾಣದೆ ಗೈಡ್‌ಗೆ ಫೋಟೋ ಕಳಿಸಿ, ಇವರ ಹೆಸರೇನಪ್ಪಾ ಎಂದು ಕೇಳಿದೆ. ಮರುದಿನ ಉತ್ತರ ಬಂತು. ಅಜ್ಜಿಯ ಹೆಸರು ಅವನಿಗೂ ತಿಳಿಯದು, ಆ ಕಡೆ ಸದ್ಯಕ್ಕೆ ಹೋಗುವುದೂ ಇಲ್ಲ. ಆದರೆ ಅವತ್ತಿನದು ಅವನಿಗೆ ಚೆನ್ನಾಗಿ ನೆನಪಿತ್ತು. ಈ ಮನುಷ್ಯನ ಹೆಸರೇನು ಎಂದು ಅಜ್ಜಿ ಕೇಳಿದ್ದರಂತೆ. ಶ್ರೀನಿವಾಸಮೂರ್ತಿ ಎಂದು ಇವನು ನನ್ನ ಹೆಸರು ಹೇಳಿದನಂತೆ. ಅದನ್ನು ಹೇಳಲು ಹೋಗಿ ನಾಲಗೆ ತೊಡರಿ ಅವರಿಗೆ ನಗು ಬಂತಂತೆ.

ನಾಚಿಕೆಯಾಯಿತು. ಎಷ್ಟೋ ಸಲ ದೊಡ್ಡದು ಮಾಡಿ ನೋಡಿದ ಚಿತ್ರವನ್ನು ಮತ್ತೊಮ್ಮೆ ದೊಡ್ಡದು ಮಾಡಿ, ಆ ತುಟಿಗಳನ್ನೇ ನೋಡುತ್ತ ಕುಳಿತೆ. ಫಾರಂ ಕಳಿಸಲಿಲ್ಲ. ನನ್ನ ಚಿತ್ರ ಯಾಕಿಲ್ಲ ಎಂದು ಲೈಬ್ರರಿಗೆ ಹೋಗಿ ಬಂದ ಸ್ನೇಹಿತರು ಈಗ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಅವತ್ತು ಅಲ್ಲಿ ನಾನು ಬರೀ ಫೋಟೋ ತೆಗೆದೆ, ಪರಿಚಯ ಮಾಡಿಕೊಂಡವರು ಆ ಅಜ್ಜಿಯೊಬ್ಬರೇ.