ರೊಟ್ಟಿಯೊಳಗಿನ ಎರಡು ದೇಶ
ಕರಜಗಿಯ ಮಲಕಣ್ಣ ಮೂವತ್ತು ವರ್ಷ ಸರ್ವೆಯವರ ಸರಪಳಿ ಎಳೆದವನು. ನಿವೃತ್ತಿಯಾದ ಮೇಲೂ ಅಳೆಯದೆ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯದು. ಮನೆಯಿಂದ ಬಾವಿಗೆ ಎಷ್ಟು ಹೆಜ್ಜೆ, ಮಂಚದಿಂದ ಬಾಗಿಲಿಗೆ ಎಷ್ಟು ಗೇಣು, ಎಲ್ಲ ಬಾಯಿಪಾಠ. ಊರಿನ ನೆಲ ಅಳೆದು ಮುಗಿದ ಮೇಲೆ ಮೊಮ್ಮಗಳ ಭೂಪಟದ ಪುಸ್ತಕ ಹಿಡಿದು ದೇಶಗಳನ್ನೇ ಅಳೆಯತೊಡಗಿದ. ಊಟಕ್ಕೆ ಕುಳಿತರೆ ಜೋಳದ ರೊಟ್ಟಿ ಎತ್ತಿ ಹಿಡಿದು, "ಇಡೀ ರೊಟ್ಟಿ ನಮ್ಮ ದೇಶ. ಒಂಬತ್ತರಾಗ ಒಂದು ಪಾಲು ಜಪಾನ," ಎಂದು ಚೂರು ಮುರಿಯುತ್ತಾನೆ. ಅದನ್ನು ಮತ್ತೆ ಮೂರು ಮಾಡಿ, "ಇದ್ರಾಗ ಎರಡು ಪಾಲು ಅಡವಿ. ಉಳಿದಿದ್ರಾಗ ಊರು, ಹೊಲ, ಎಲ್ಲಾ. ನಮ್ಮದು ಅರ್ಧ ರೊಟ್ಟಿ ಬರೇ ಹೊಲ ನೋಡು," ಎನ್ನುತ್ತಾನೆ. ಸೊಸೆ ವಿದ್ಯಾವತಿ, "ಜಪಾನ ಆರಾಕತ್ತದ್ರಿ ಮಾವ, ಪಲ್ಯ ಹಚ್ಚಿಕೊಳ್ರಿ," ಎಂದು ನಗುತ್ತಾಳೆ. ಎಲ್ಲ ತಿಂದರೂ ಅಂಚಿನ ಒಂದು ಚೂರನ್ನು ಮಾತ್ರ ತಟ್ಟೆಯಲ್ಲೇ ಬಿಡುತ್ತಾನೆ. ಯಾಕೆಂದು ಯಾರೂ ಕೇಳಿರಲಿಲ್ಲ. ಈ ವರ್ಷ ಅವರ ಹೊಲಕ್ಕೆ ಕಾಲುವೆ ನೀರು ಬಂತು. ಆ ಹೊಲದ ಮೂಲೆಯಲ್ಲೇ ಅವನ ಹೆಂಡತಿಯನ್ನು ಮಣ್ಣು ಮಾಡಿದ್ದರು. ಊಟದ ಹೊತ್ತಿಗೆ ಮಗ ಸಂಜುಕುಮಾರ, "ಅವ್ವನ ಸಮಾಧಿ ಬಾಜೂಕ ಮೂರು ಹೆಜ್ಜಿ ಖಾಲಿ ಬಿದ್ದದ ಯಪ್ಪಾ. ಅಲ್ಲೀತನಾ ಕಬ್ಬು ಹಚ್ತೇನಿ," ಎಂದ. ಮಲಕಣ್ಣ ಬಿಟ್ಟಿದ್ದ ಚೂರನ್ನು ಮಗನ ಮುಂದೆ ಸರಿಸಿದ. "ಎಲ್ಲಾ ದೇಶದಾಗೂ ಉಳದ ನೆಲಾ ಒಂದಿಷ್ಟು ಇರ್ತದಪ್ಪಾ. ಆ ಮೂರು ಹೆಜ್ಜಿ ನನಗಂತ ಬಿಟ್ಟೇನಿ." ಸಂಜುಕುಮಾರ ಮರುದಿನ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು, ತಾಯಿಯ ಸಮಾಧಿಯಿಂದ ಮೂರು ಹೆಜ್ಜೆ ಎಣಿಸಿ ಕಲ್ಲು ನೆಟ್ಟ. ಅಪ್ಪನ ಹೆಜ್ಜೆ ಸಣ್ಣದೆಂದು ಗೊತ್ತಿದ್ದೂ ತನ್ನ ಉದ್ದನೆಯ ಹೆಜ್ಜೆಯಿಂದಲೇ ಎಣಿಸಿದ.